ಒದ್ದೆ ಫೋನು, ಅಕ್ಕಿ ಡಬ್ಬ ಮತ್ತು ಆತುರ

ಕುಣಿಗಲ್ ದೊಡ್ಡಕೆರೆ ಕೋಡಿ ಬಿತ್ತೆಂದರೆ ಊರಿಗೆ ಊರೇ ಅಲ್ಲಿರುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಯವಾದ ಕೆರೆ ಅದು. ತುಂಬುವುದು ಎಲ್ಲ ವರ್ಷದ ಮಾತಲ್ಲ. ಹಾಗೆ ತುಂಬಿದ ಒಂದು ಮಳೆಗಾಲ ನಾನೂ ವಿಡಿಯೊ ಮಾಡಲು ಹೋದೆ. ಪ್ಯಾಂಟು ಮಡಚಿಕೊಳ್ಳಲು ಬಗ್ಗಿದ್ದೇ ತಡ, ಅಂಗಿ ಜೇಬಿನಲ್ಲಿದ್ದ ಫೋನು ಮೊಣಕಾಲುದ್ದ ನೀರಿಗೆ ಜಾರಿತು. ತಡಕಾಡಿ ಎತ್ತಲು ಹತ್ತು ಸೆಕೆಂಡು ಹಿಡಿದಿರಬಹುದು. ಪರದೆ ಬೆಳಗುತ್ತಲೇ ಇತ್ತು. ಸದ್ಯ ಏನೂ ಆಗಿಲ್ಲ ಅಂದುಕೊಂಡು ಅಂಗಿಯಲ್ಲೇ ಒರೆಸಿ, ತೆಗೆದ ವಿಡಿಯೊವನ್ನು ಮನೆಯವರ ಗ್ರೂಪಿಗೆ ಕಳಿಸಿದೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಫೋನು ಕಣ್ಣು ಮುಚ್ಚಿತು.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪವರ್ ಬಟನ್ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಮನೆಗೆ ಬಂದು ಚಾರ್ಜಿಗೆ ಹಾಕಿದೆ. ಜಪ್ಪಯ್ಯ ಅಂದರೂ ಏಳದಿದ್ದಾಗ ಅತ್ತೆ ಹೇಳಿದಂತೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮರುದಿನ ಯೂಟ್ಯೂಬ್ ಗುರುಗಳನ್ನು ನೆನೆದು, ಕೂದಲು ಒಣಗಿಸುವ ಡ್ರೈಯರಿನಿಂದ ಹಿಂಬದಿಯ ಅಂಟು ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡು ತೂರಿಸಿ ಮುಚ್ಚಳ ಎಬ್ಬಿಸಿದೆ. ಸಣ್ಣಗೆ ‘ಪಟ್’ ಅಂತು. ಬೆರಳಚ್ಚು ಓದುವ ಬಟನ್ ಆ ಮುಚ್ಚಳಕ್ಕೇ ಅಂಟಿಕೊಂಡಿತ್ತು. ಅದನ್ನು ಫೋನಿನ ಸರ್ಕ್ಯೂಟ್ ಬೋರ್ಡಿಗೆ ಜೋಡಿಸುವ ತೆಳು ಸ್ಟ್ರಿಪ್ ಹರಿದಿತ್ತು.

ತಾಮ್ರಕ್ಕೆ ಹಿಡಿದ ಕಿಲುಬು

ಅವಶೇಷಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ತುಮಕೂರಿಗೆ ಹೋದೆ. ರಿಪೇರಿಯ ಹುಡುಗ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ ನಕ್ಕ.

“ಅಕ್ಕೀಲಿ ಇಟ್ಟಿದ್ರಾ ಸಾರ್? ಒಳಗೆ ಗಂಜಿ ಆಗಿದೆ.”

ನಿಜವೇ. ಅಕ್ಕಿಯ ಹುಡಿ ತೇವಕ್ಕೆ ಕಲಸಿ ಮೂಲೆಯಲ್ಲಿ ಮೆತ್ತಿಕೊಂಡಿತ್ತು. ಫೋನಿನೊಳಗೆ, ಲೋಹದ ಮುಚ್ಚಳಗಳ ಅಡಿಯಲ್ಲಿ ಸಿಕ್ಕ ನೀರನ್ನು ಹೊರಗಿರುವ ಅಕ್ಕಿ ಹೀರಲಾರದು. ಬರೀ ಗಾಳಿಗಿಟ್ಟರೆ ಆಗುವುದಕ್ಕಿಂತ ಹೆಚ್ಚಿನದೇನೂ ಅದರಿಂದ ಆಗದು. ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು, ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. 2024ರ ಆರಂಭದಲ್ಲಿ ಅದು ದೊಡ್ಡ ಸುದ್ದಿಯೂ ಆಯಿತು.

ಅವನು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದ. ಆಮೇಲೆ ಬೋರ್ಡನ್ನು ಎತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟು, ನನ್ನನ್ನೂ ನೋಡಲು ಕರೆದ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗದೆ ಬಿಟ್ಟರೆ ತಳಕ್ಕೆ ಹಿಡಿಯುತ್ತದಲ್ಲ, ಅದೇ ಹಸಿರು ಕಿಲುಬು ಚಾರ್ಜಿಂಗ್ ಕನೆಕ್ಟರಿನ ಸುತ್ತ ಕೂತಿತ್ತು.

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಹರಿಸುವುದು ಅದರಲ್ಲಿ ಕರಗಿದ ಲವಣ. ಬ್ಯಾಟರಿಯಲ್ಲಿರುವುದು ಸುಮಾರು 3.7 ವೋಲ್ಟ್ ಮಾತ್ರ, ಆದರೆ ಒದ್ದೆ ಬೋರ್ಡಿಗೆ ಅಷ್ಟು ಸಾಕು. ಕರೆಂಟು ಹರಿಯುವಾಗ ಧನ ತುದಿಯ ತಾಮ್ರ ಕರಗಿ ಋಣ ತುದಿಯ ಕಡೆ ಹೋಗಿ ಕೂರುತ್ತದೆ. ಕೂದಲೆಳೆಯಂತೆ ಬೆಳೆಯುತ್ತ ಎರಡು ತುದಿಗಳ ನಡುವೆ ಸೇತುವೆ ಕಟ್ಟುತ್ತದೆ. ರಿಪೇರಿಯವರು ‘ಶಾರ್ಟ್ ಆಗಿದೆ’ ಎನ್ನುವುದರಲ್ಲಿ ಇದೂ ಒಂದು. ಬ್ಯಾಟರಿಯ ಸಂಪರ್ಕ ಇಲ್ಲದಿದ್ದರೆ ಈ ಕೆಲಸ ಬಹಳ ನಿಧಾನ. ನಾನು ವಿಡಿಯೊ ಕಳಿಸುತ್ತ, ಚಾರ್ಜಿಗೆ ಹಾಕುತ್ತ ಅದಕ್ಕೆ ಕೂಲಿ ಕೊಟ್ಟು ಕೆಲಸ ಮಾಡಿಸಿದ್ದೆ.

ಹುಡುಗ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದ. ಕನ್ನಡಕದಂಗಡಿಗಳಲ್ಲಿ ಕಾಣುವಂಥ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಕೆಲವು ನಿಮಿಷ ಇಟ್ಟ. ಒಣಗಿಸಿ ಪವರ್ ಸಪ್ಲೈಗೆ ಜೋಡಿಸಿದರೆ, ಫೋನು ಆನ್ ಮಾಡುವ ಮೊದಲೇ ಮೀಟರು ಕರೆಂಟು ತೋರಿಸಿತು. ಎಲ್ಲೋ ಸೋರಿಕೆ. ಬೋರ್ಡಿನ ಮೇಲೆ ಒಂದೆರಡು ಹನಿ ಆಲ್ಕೋಹಾಲ್ ಸವರಿ ಕಣ್ಣಿಟ್ಟು ಕಾದ. ಒಂದು ಜಾಗ ಮಾತ್ರ ಥಟ್ಟನೆ ಆರಿತು. ಶಾರ್ಟ್ ಆದ ಬಿಡಿಭಾಗ ಬಿಸಿಯಾಗಿ ತನ್ನ ಮೈಮೇಲಿನ ದ್ರವವನ್ನು ಮೊದಲು ಹಾರಿಸಿಬಿಡುತ್ತದೆ. ಸಾಸಿವೆಗಿಂತ ಚಿಕ್ಕದಾದ ಒಂದು ಕೆಪಾಸಿಟರ್ ಅದು. ತೆಗೆದ. ಫೋನು ಎದ್ದಿತು.

“ನೀರಿಂದ ಆಗಿದ್ದು ಸಣ್ಣ ಕೆಲಸ ಸಾರ್. ಬೆರಳಚ್ಚಿನ ಸ್ಟ್ರಿಪ್ ಹಳೇ ಮಾಡೆಲ್ದು, ಈಗ ಸಿಗಲ್ಲ” ಅಂದ.

ಗುಬ್ಬಿಯ ಎಳನೀರು

ಬಿದ್ದದ್ದು ಯಾವ ನೀರಿಗೆ ಎನ್ನುವುದೂ ಮುಖ್ಯ. ಮಳೆನೀರಿನಲ್ಲಿ ಲವಣ ಕಡಿಮೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು. ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಫೋನಿನೊಳಗೆ ಒಣಗಿದರೂ ಅದೇ ಪೊರೆ ಉಳಿಯುತ್ತದೆ. ನೀರು ಆರಿತು ಎಂದರೆ ಕಸ ಹೋಯಿತು ಎಂದಲ್ಲ. ಒಣಗಿದ ಮೇಲೆ ಸರಿಹೋದ ಫೋನು ತಿಂಗಳು ಬಿಟ್ಟು ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಗುಬ್ಬಿ ಸೀಮೆಯ ತೆಂಗಿನ ತೋಟದವರಿಗೆ ಇನ್ನೊಂದು ಅಪಾಯ: ಎಳನೀರು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಜೊತೆಗೆ ಸಕ್ಕರೆ. ಕರೆಂಟು ಹರಿಯಲು ಲವಣ ದಾರಿ ಮಾಡಿದರೆ, ಸಕ್ಕರೆ ಅಂಟಾಗಿ ಕೂತು ತೇವ ಹಿಡಿದಿಡುತ್ತದೆ. ಕಾಫಿ, ಮಜ್ಜಿಗೆ, ಸೋಪಿನ ನೀರಿನ ಕಥೆಯೂ ಹೀಗೇ. ಇವು ಬಿದ್ದರೆ ಒಣಗಿಸಿ ಸುಮ್ಮನಾಗದೆ ಬೋರ್ಡು ತೊಳೆಸಲೇಬೇಕು.

ಫೋನಿನ ಡಬ್ಬಿಯ ಮೇಲೆ ಐಪಿ67 ಎಂದಿದೆಯಲ್ಲ ಎಂಬ ಧೈರ್ಯವೂ ಬೇಡ. 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ, ಅದೂ ಹೊಸ ಫೋನು, ಪರೀಕ್ಷಾ ಕೊಠಡಿಯಲ್ಲಿ ಎಂಬುದು ಅದರ ಅರ್ಥ. ಫೋನು ಹಳತಾದಂತೆ ಒಳಗಿನ ಅಂಟು ಸಡಿಲವಾಗುತ್ತದೆ, ಒಮ್ಮೆ ಬಿಚ್ಚಿದರೆ ಆ ಭರವಸೆ ಮುಗಿಯಿತು. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ. ಹಲವು ಫೋನುಗಳಲ್ಲಿ ಸಿಮ್ ಗೂಡಿನೊಳಗೆ ಒಂದು ಬಿಳಿ ಚೀಟಿ ಇರುತ್ತದೆ. ನೀರು ತಾಗಿದರೆ ಕೆಂಪಾಗಿ ಸಾಕ್ಷಿ ಹೇಳುತ್ತದೆ.

ಮನೆಯಲ್ಲಿ ಎಷ್ಟು ಮಾಡಬಹುದು?

ತಕ್ಷಣ ಸ್ವಿಚ್ ಆಫ್ ಮಾಡಿ. ತಾನೇ ಆಫ್ ಆಗಿದ್ದರೆ ಪರೀಕ್ಷಿಸಲು ಆನ್ ಮಾಡಬೇಡಿ. ಕವರು, ಸಿಮ್ ತೆಗೆಯಿರಿ. ಚಾರ್ಜಿಂಗ್ ತೂತು ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಒಣಬಟ್ಟೆಯಿಂದ ಒರೆಸಿ ಫ್ಯಾನಿನ ಗಾಳಿಗಿಡಿ. ಬಿಸಿಲು, ಡ್ರೈಯರ್, ಒಲೆಯ ಕಟ್ಟೆ ಬೇಡ. ತೂತಿಗೆ ಬತ್ತಿ, ಕಡ್ಡಿ ತುರುಕಬೇಡಿ. ಚಾರ್ಜರಿನ ತಂಟೆಗೆ ಹೋಗಬೇಡಿ. ಸಾಧ್ಯವಾದರೆ ಅದೇ ದಿನ ಬೋರ್ಡು ತೊಳೆಯಬಲ್ಲವರ ಬಳಿ ಒಯ್ಯಿರಿ. ಬ್ಯಾಟರಿ ಉಬ್ಬಿದ್ದರೆ ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ. ಅದನ್ನು ಕಸದ ಗಾಡಿಗೂ ಎಸೆಯಬಾರದು, ಇ–ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ತಮ್ಮ ವಸ್ತುವನ್ನು ತಾವೇ ಬಿಚ್ಚಿ ನೋಡುವ ಆಸೆ ತಪ್ಪಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆದದ್ದೂ ರಿಪೇರಿಯ ಮಾಹಿತಿ ಬಳಕೆದಾರರಿಗೆ ಸಿಗಲಿ ಎಂದೇ. ಆದರೆ ಕಲಿಯಲು ಮನೆಯ ಮೂಲೆಯಲ್ಲಿರುವ ಹಳೆಯ ಸೆಟ್ಟು ಬಿಚ್ಚಿ. ಬ್ಯಾಂಕು, ಆಧಾರ್ ಒಟಿಪಿ, ಮಗುವಿನ ಫೋಟೊ ಎಲ್ಲ ತುಂಬಿರುವ ಒಂದೇ ಫೋನು ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ನನ್ನ ಹರಿದ ಸ್ಟ್ರಿಪ್ಪೇ ಸಾಕ್ಷಿ.

ಫೋನು ಈಗಲೂ ನಡೆಯುತ್ತಿದೆ, ಬೆರಳಚ್ಚು ಮಾತ್ರ ಓದುವುದಿಲ್ಲ. ಇದನ್ನು ಓದಿ ಮುಗಿಸಿದವರು ಇವತ್ತೇ ಎರಡು ಕೆಲಸ ಮಾಡಿಬಿಡಿ: ಫೋಟೊಗಳನ್ನು ಇನ್ನೊಂದು ಕಡೆ ಉಳಿಸಿಕೊಳ್ಳಿ, ಮನೆಯವರ ನಾಲ್ಕು ನಂಬರುಗಳನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.