ಕಬ್ಬಿಣ ಹೆಚ್ಚಾದರೆ ರೋಗಾಣುವಿಗೆ ಹಬ್ಬ

ನಮ್ಮ ಯಲಿಯೂರಿನ ಗೆಳತಿಯರಿಗೆ ಸುಸ್ತೆಂದರೆ ಕಬ್ಬಿಣದ ಮಾತ್ರೆಯೇ ಮದ್ದು. ರಕ್ತಹೀನತೆಗೆ ಅದು ಬೇಕೇ ಬೇಕು. ಆದರೆ ಬ್ಯಾಕ್ಟೀರಿಯಾ ಬೆಳೆಯಲೂ ಕಬ್ಬಿಣ ಬೇಕು! ಅದಕ್ಕೇ ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಸುರಿಸಿ, ರಕ್ತದಲ್ಲಿನ ಕಬ್ಬಿಣವನ್ನು ತಗ್ಗಿಸುತ್ತದೆ. ಕಬ್ಬಿಣ ಮಿತಿಮೀರಿದರೆ ಈ ಕಾವಲು ಸಡಿಲ. ರೋಗಾಣು ನುಂಗುವ ಬಿಳಿರಕ್ತಕಣಗಳೂ ಸೊರಗುತ್ತವೆ.

ಬಿ.ಎಸ್ಸಿ. ಓದುವ ನನ್ನನ್ನು ಬೆಚ್ಚಿಸಿದ್ದು 2009ರ ಪ್ರಕರಣ. ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿ ಮಾಲ್ಕಮ್ ಕ್ಯಾಸಡಬನ್ ಪ್ರಯೋಗಾಲಯದ ದುರ್ಬಲ ಪ್ಲೇಗ್ ತಳಿಯಿಂದ ಸತ್ತರು. ಕಬ್ಬಿಣ ಹೀರಲಾಗದೆ ಸೊರಗಿದ್ದ ತಳಿಯದು. ಅವರಿಗೋ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಆನುವಂಶಿಕ ಕಾಯಿಲೆ! ಅದೇ ರೋಗಾಣುವಿಗೆ ಬಲ ಕೊಟ್ಟಿರಬೇಕೆಂಬುದು ತಜ್ಞರ ಅನುಮಾನ.

ಹಾಗೆಂದು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ 60 ಮಿಲಿಗ್ರಾಂ ಕಬ್ಬಿಣದ ನೀಲಿ ಮಾತ್ರೆ ಬಿಡಬೇಕಿಲ್ಲ. ಮೆಡಿಕಲ್‌ನಿಂದ ನಾವೇ ತಂದು ನುಂಗುವ ಮುನ್ನ ರಕ್ತಪರೀಕ್ಷೆ ಮಾಡಿಸೋಣ, ವೈದ್ಯರನ್ನು ಕೇಳೋಣ.