ಸಣ್ಣ ಪೆಟ್ಟಿಗೆಯ ಸ್ವರಗುಣ

ನೆಲದ ಮೇಲೆ ನಿಲ್ಲಿಸದೆ ಕಪಾಟು, ಮೇಜು ಅಥವಾ ಸ್ಟ್ಯಾಂಡಿನ ಮೇಲೆ ಇಡುವಷ್ಟು ಚಿಕ್ಕದಾದ ಧ್ವನಿಪೆಟ್ಟಿಗೆಗೆ ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರಿದೆ. ಸಾಮಾನ್ಯವಾಗಿ ಅದರೊಳಗೆ ಕೆಳಗಿನ ಸ್ವರಗಳಿಗೆ ಒಂದು ವೂಫರ್, ಮೇಲಿನ ಸ್ವರಗಳಿಗೆ ಒಂದು ಟ್ವೀಟರ್ ಮತ್ತು ಇವೆರಡಕ್ಕೂ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಸರ್ಕ್ಯೂಟ್ ಇರುತ್ತವೆ. 1950ರ ದಶಕದಿಂದ 80ರ ದಶಕದವರೆಗೆ ಬಂದ ಇಂಥ ಕೆಲವು ಪೆಟ್ಟಿಗೆಗಳನ್ನು ಸಂಗೀತಪ್ರಿಯರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅವುಗಳ ನಾದ ಬೆಚ್ಚಗಿರುತ್ತದೆ, ಹಿತವಾಗಿರುತ್ತದೆ ಎಂದು ಹೇಳುವುದು ರೂಢಿ. ಆದರೆ ಹಳೆಯ ಸ್ಪೀಕರುಗಳಿಗೆಲ್ಲ ಒಂದೇ ನಾದ ಎಂಬುದಿಲ್ಲ. ಪ್ರತಿಯೊಂದರ ಗುಣವೂ ಅದನ್ನು ರೂಪಿಸಿದವರು ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು ಎಂಬುದರ ಮೇಲೆ ನಿಂತಿದೆ.

ಏನನ್ನಾದರೂ ಕೈಬಿಡಲೇಬೇಕಾದ್ದು ಭೌತವಿಜ್ಞಾನದ ಕಟ್ಟಳೆ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲೇ ಜೋರಾಗಿ ಕೇಳಿಸಬೇಕು: ಈ ಮೂರೂ ಒಟ್ಟಿಗೆ ದಕ್ಕುವುದಿಲ್ಲ, ಎರಡನ್ನು ಆರಿಸಿಕೊಳ್ಳಬಹುದು ಅಷ್ಟೆ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಇದನ್ನು 'ಹಾಫ್‌ಮನ್ನರ ಕಬ್ಬಿಣದ ನಿಯಮ' ಎನ್ನುತ್ತಾರೆ.

ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸುವ ದಾರಿಯನ್ನು 1954ರಲ್ಲಿ ತೋರಿಸಿದವರು ಎಡ್ಗರ್ ವಿಲ್ಚುರ್. ಅವರು ಹೆನ್ರಿ ಕ್ಲಾಸ್ ಜೊತೆ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದು ಎಆರ್-1 ಸ್ಪೀಕರನ್ನು ಹೊರತಂದರು. ಅಲ್ಲಿಯವರೆಗೆ ವೂಫರಿನ ಕೋನನ್ನು ಅದರ ಬಿಗಿಯಾದ ಅಂಚೇ ಹಿಂದಕ್ಕೆಳೆದು ಹಿಡಿಯುತ್ತಿತ್ತು. ವಿಲ್ಚುರ್ ಅಂಚನ್ನು ತೀರ ಸಡಿಲವಾಗಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿದರು. ಯಾಂತ್ರಿಕ ಅಂಚಿಗಿಂತ ಗಾಳಿಯ ಸ್ಪ್ರಿಂಗ್ ಸಮನಾಗಿ ವರ್ತಿಸುವುದರಿಂದ ಬೇಸಿನ ವಿರೂಪ ಇಳಿಯಿತು. ಇದಕ್ಕೆ ತೆತ್ತ ಬೆಲೆ ದಕ್ಷತೆ. ಆಂಪ್ಲಿಫೈಯರ್ ಹೆಚ್ಚು ದುಡಿಯಬೇಕಾಯಿತು.

1958ರ ಎಆರ್-3ರಲ್ಲಿ 12 ಅಂಗುಲದ ವೂಫರಿನ ಜೊತೆಗೆ ಗುಮ್ಮಟದಾಕಾರದ ಎರಡು ಪುಟ್ಟ ಘಟಕಗಳು ಬಂದವು. ಗುಮ್ಮಟ ಸದ್ದನ್ನು ಕೋಣೆಯ ತುಂಬ ಚೆಲ್ಲುತ್ತದೆ. ಅದರ ಮೇಲ್ಸ್ವರಗಳು ಮೊನಚಾಗಿ ಕಿವಿಗೆ ಬಂದು ನಾಟುವುದಿಲ್ಲ, ಸಭಾಂಗಣದ ಮಧ್ಯದ ಸಾಲಿನಲ್ಲಿ ಕುಳಿತವರಿಗೆ ಕೇಳಿಸುವಂತೆ ಹದವಾಗಿರುತ್ತವೆ. 'ಬೆಚ್ಚಗಿನ ನಾದ' ಎಂಬ ಮಾತಿಗೆ ಸರಿಯಾದ ಉದಾಹರಣೆ ಬೇಕಿದ್ದರೆ ಅದು ಈ ಸ್ಪೀಕರ್. 20 ಕಿಲೋ ಮೀರಿ ತೂಗುವ ಈ ಪೆಟ್ಟಿಗೆಯನ್ನು ಹೊರಬಲ್ಲ ಪುಸ್ತಕದ ಕಪಾಟು ಎಷ್ಟು ಮನೆಗಳಲ್ಲಿತ್ತೋ!

ಇದಕ್ಕೆ ಪೂರ್ತಿ ವಿರುದ್ಧವಾದ ಆಯ್ಕೆ ಬ್ರಿಟನ್ನಿನ ಎಲ್‌ಎಸ್3/5ಎ. 1970ರ ದಶಕದ ಮೊದಲಲ್ಲಿ ಬಿಬಿಸಿಯ ಸಂಶೋಧನಾ ವಿಭಾಗ ಇದನ್ನು ರೂಪಿಸಿತು. ಸ್ಟುಡಿಯೊಗಳ ಎಂಟನೇ ಒಂದು ಗಾತ್ರದ ಮಾದರಿಗಳನ್ನು ಕಟ್ಟಿ ಧ್ವನಿ ಪರೀಕ್ಷೆ ನಡೆಸಲು ಅಲ್ಲಿ ತಯಾರಿಸಿದ್ದ ಪುಟ್ಟ ಸ್ಪೀಕರಿನಿಂದ ಇದರ ಕಲ್ಪನೆ ಹುಟ್ಟಿತು. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ದೊಡ್ಡ ಸ್ಪೀಕರುಗಳಿಗೆ ಜಾಗವಿರಲಿಲ್ಲ, ಹೆಡ್‌ಫೋನಿನಲ್ಲಿ ಧ್ವನಿಯ ಸಮತೋಲ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಸುಮಾರು 30 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲದ ಈ ಪೆಟ್ಟಿಗೆ ಬಂತು. ಪರವಾನಗಿ ಪಡೆದು ರಾಜರ್ಸ್, ಸ್ಪೆಂಡರ್, ಹಾರ್ಬೆತ್, ಕೆಇಎಫ್ ಮುಂತಾದ ಕಂಪನಿಗಳು ಇದನ್ನು ತಯಾರಿಸಿದವು.

ಇಲ್ಲಿ ಕೈಬಿಟ್ಟದ್ದು ಆಳದ ಬೇಸ್ ಮತ್ತು ಜೋರು, ಎರಡನ್ನೂ. ಉಳಿಸಿಕೊಂಡದ್ದು ಮನುಷ್ಯನ ಕಂಠ. ಮಾತಿನ ಪ್ರಸಾರವೇ ಮುಖ್ಯವಾಗಿದ್ದ ಸಂಸ್ಥೆಯಲ್ಲಿ, ಪರಿಚಿತ ದನಿಯೊಂದು ಸ್ಪೀಕರಿನಲ್ಲಿ ಅದೇ ದನಿಯಾಗಿ ಕೇಳಿಸುತ್ತದೆಯೇ ಎಂಬುದೇ ಪರೀಕ್ಷೆ. ಇದರ 5 ಅಂಗುಲದ ವೂಫರ್ ಕೆಇಎಫ್ ಕಂಪನಿಯ ಬಿ110. ಕಾಗದದ ಕೋನ್ ಒಂದರಂತೆ ಇನ್ನೊಂದು ಇರುವುದಿಲ್ಲ, ತೇವಕ್ಕೆ ಬದಲಾಗುತ್ತದೆ. ಅದಕ್ಕಾಗಿ ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನ ಕೋನಿಗೆ ಅಂಟುಲೇಪ ಹಚ್ಚಿ ಬಳಸಿದರು. ಪೆಟ್ಟಿಗೆಗೆ ದಪ್ಪ ಹಲಗೆಯ ಬದಲು ಸುಮಾರು 12 ಮಿ.ಮೀ.ನ ಬರ್ಚ್ ಪ್ಲೈವುಡ್ ಹಾಕಿ, ಒಳಗೋಡೆಗಳಿಗೆ ಟಾರಿನಂಥ ಬಿಟುಮೆನ್ ಹಾಳೆ ಅಂಟಿಸಿದರು. ತೆಳುವಾದ ಹಲಗೆ ಅದುರುವುದು ಕೆಳಗಿನ ಕಂಪನಾಂಕಗಳಲ್ಲಿ, ಅಲ್ಲಿ ಅದು ಕಿವಿಗೆ ಅಷ್ಟಾಗಿ ತಟ್ಟುವುದಿಲ್ಲ. ಉಳಿದದ್ದನ್ನು ಬಿಟುಮೆನ್ ನುಂಗುತ್ತದೆ. ಟ್ವೀಟರಿನ ಸುತ್ತ ಇರುವ ದಪ್ಪ ಉಣ್ಣೆಯ ಪಟ್ಟಿ ಸದ್ದು ಪೆಟ್ಟಿಗೆಯ ಅಂಚಿಗೆ ಬಡಿದು ಚದುರದಂತೆ ತಡೆಯುತ್ತದೆ. ಒಂದೊಂದು ಟ್ವೀಟರಿನ ಜೋರೂ ತುಸು ಬೇರೆಯಾದ್ದರಿಂದ, ಕ್ರಾಸ್‌ಓವರಿನಲ್ಲಿ ಬೆಸುಗೆಯ ಜಾಗ ಬದಲಿಸಿ ಅದನ್ನು ವೂಫರಿಗೆ ಹೊಂದಿಸುವ ಏರ್ಪಾಡೂ ಇತ್ತು.

ಇಷ್ಟಾದರೂ ಇದರ ನಾದ ಪೂರ್ತಿ ಸಪಾಟಾಗಿಲ್ಲ. ಬೇಸ್ ಇಳಿದುಹೋಗುವ ಮೊದಲು, 100 ಹರ್ಟ್ಸ್ ದಾಟಿದ ಆಸುಪಾಸಿನಲ್ಲಿ ಒಂದು ಸಣ್ಣ ಉಬ್ಬಿದೆ. ಇನ್ನೊಂದು 1 ಕಿಲೋಹರ್ಟ್ಸ್‌ನ ತುಸು ಮೇಲೆ. ಮೊದಲನೆಯದು ಇಲ್ಲದ ಬೇಸನ್ನು ಇದ್ದಂತೆ ಭಾಸವಾಗಿಸುತ್ತದೆ, ಕಿವಿಯೂ ಅದಕ್ಕೆ ಕೈಜೋಡಿಸುತ್ತದೆ. ಡಬಲ್ ಬೇಸ್ ವಾದ್ಯದ ಕೆಳತಂತಿಯ ಸ್ವರ 41 ಹರ್ಟ್ಸ್. ಅದನ್ನು ಈ ಪೆಟ್ಟಿಗೆ ನುಡಿಸಲಾರದು, ಆದರೆ ಅದರ 82, 123 ಹರ್ಟ್ಸ್‌ನ ಉಪಸ್ವರಗಳು ಕೇಳಿದರೆ ಸಾಕು, ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಅಂದರೆ ಈ ಉಬ್ಬಿನ ಸೀಮೆಯಲ್ಲೇ. ಗಂಡುಕಂಠದ ಸಂಗೀತ ಈ ಸ್ಪೀಕರಿನಲ್ಲಿ ತುಂಬಿಬಂದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಎರಡನೆಯ ಉಬ್ಬು ಕೆಲವರಿಗೆ ತುಸು ಮೂಗಿನ ದನಿಯಾಗಿ ಕೇಳುತ್ತದೆ, ಹಲವರಿಗೆ ಗಾಯಕ ಮುಂದೆ ಬಂದು ಕೂತಂತೆ ಅನಿಸುತ್ತದೆ. ಜೋರಿನ ಮಟ್ಟಿಗೆ ಮಾತ್ರ ಇದು ಜಿಪುಣ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 82 ಡೆಸಿಬೆಲ್ ಆಸುಪಾಸು. 88 ಡೆಸಿಬೆಲ್‌ನ ಸ್ಪೀಕರ್ 10 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಇದು 40 ವ್ಯಾಟ್ ಕೇಳುತ್ತದೆ.

ಜಪಾನಿನ ಯಮಾಹಾ 1978ರಲ್ಲಿ ತಂದ ಎನ್‌ಎಸ್-10ಎಂ ಹಿತವಾಗಿ ಕೇಳಿಸಿ ಹೆಸರಾದದ್ದಲ್ಲ. ಬಿಳಿ ಕೋನಿನ ಈ ಸ್ಪೀಕರನ್ನು ಮಾಡಿದ್ದು ಮನೆಗಳಿಗಾಗಿ, ಅಲ್ಲಿ ಮೆಚ್ಚಿಗೆ ಸಿಗಲಿಲ್ಲ. ಬೇಸ್ ಕಡಿಮೆ, 2 ಕಿಲೋಹರ್ಟ್ಸ್ ಸುತ್ತ ಎದ್ದು ಕಾಣುವ ಏರು, ಟ್ವೀಟರ್ ಖಾರ. ಆದರೆ ಸದ್ದು ನಿಂತ ಕೂಡಲೇ ಇದರ ಕೋನೂ ನಿಲ್ಲುತ್ತದೆ, ಹಿಂದೆ ಗುಂಯ್‌ಗುಡುವುದಿಲ್ಲ. ರೆಕಾರ್ಡಿಂಗ್ ಎಂಜಿನಿಯರುಗಳಿಗೆ ಇದೇ ಬೇಕಿತ್ತು. ಧ್ವನಿಮಿಶ್ರಣದ ತಪ್ಪು ಇದರಲ್ಲಿ ಅಡಗುವುದಿಲ್ಲ. ಖಾರ ತಗ್ಗಿಸಲು ಟ್ವೀಟರಿನ ಮುಂದೆ ಟಿಶ್ಯೂ ಕಾಗದ ಅಂಟಿಸಿ ಅವರು ಕೆಲಸ ನಡೆಸಿದರು. ಪಾಪ್ ಸಂಗೀತದ ಅಸಂಖ್ಯ ಧ್ವನಿಮುದ್ರಣಗಳು ಹದಗೊಂಡದ್ದು ಇದರ ಮುಂದೆ. ತಯಾರಿಕೆ 2001ರಲ್ಲಿ ನಿಂತಿತು.

ಇಂದು ಕೈಗೆ ಸಿಗುವ ಹಳೆಯ ಜೋಡಿಯ ನಾದದಲ್ಲಿ ವಿನ್ಯಾಸದಷ್ಟೇ ವಯಸ್ಸಿನ ಪಾಲೂ ಇರುತ್ತದೆ. ಫೋಮ್ ಅಂಚಿದ್ದ ವೂಫರುಗಳಲ್ಲಿ ಆ ಫೋಮ್ ಕೆಲವು ದಶಕಗಳಲ್ಲಿ ಪುಡಿಯಾಗುತ್ತದೆ. ಬಟ್ಟೆಯ ಅಂಚು ಹೆಚ್ಚು ಬಾಳುತ್ತದೆ. ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿದರೆ ಮೇಲ್ಸ್ವರ ಮಂಕಾಗುತ್ತದೆ, ಆ ಮಂಕನ್ನೇ ಮಾಧುರ್ಯವೆಂದು ಹೊಗಳುವವರೂ ಉಂಟು. ಎಆರ್-3ರ ಹಿಂಬದಿಯ ಹೊಂದಾಣಿಕೆ ತಿರುಪುಗಳು ಕಿಲುಬು ಹಿಡಿದು ಟ್ವೀಟರ್ ಪೂರ್ತಿ ಸುಮ್ಮನಾಗುವುದೂ ಸಾಮಾನ್ಯ. ಎಡ, ಬಲ ಎರಡೂ ಒಂದೇ ಪ್ರಮಾಣದಲ್ಲಿ ಹಳತಾಗುವುದಿಲ್ಲವಾದ್ದರಿಂದ, ಒಂದೇ ಕಂಠದ ಮೋನೊ ಧ್ವನಿಮುದ್ರಣವನ್ನು ಎರಡರಲ್ಲೂ ಒಟ್ಟಿಗೆ ಹಾಕಿ ಕೇಳುವುದು ಒಳ್ಳೆಯ ಪರೀಕ್ಷೆ. ಜೋಡಿ ಸರಿಯಿದ್ದರೆ ದನಿ ಎರಡರ ನಟ್ಟನಡುವೆ ನಿಲ್ಲುತ್ತದೆ. ಒಂದು ಕಡೆಗೆ ವಾಲಿದರೆ, ಇಲ್ಲವೇ ಸ್ವರ ಏರಿದಂತೆ ಅತ್ತಿತ್ತ ಸರಿದಾಡಿದರೆ, ಮೊದಲು ಬಿಚ್ಚಿ ನೋಡಬೇಕಾದ್ದು ಕ್ರಾಸ್‌ಓವರನ್ನು.