ಮಗಳ ಕೈಗೆ ಒಪ್ಪುವ ಸಾಫ್ಟ್‌ಬಾಲ್ ಗ್ಲೌಸ್

ಶಾಲೆಯಿಂದ ಬಂದ ಮಗಳು ಬ್ಯಾಗನ್ನು ಸೋಫಾದ ಮೇಲೆ ಎಸೆದು, ‘ಅಮ್ಮಾ, ನಾನು ಸಾಫ್ಟ್‌ಬಾಲ್ ಟೀಮಿಗೆ ಸೆಲೆಕ್ಟ್ ಆದೆ. ಲೆದರ್ ಗ್ಲೌಸ್ ತರಬೇಕಂತೆ’ ಎಂದರೆ ನೀವೇನು ಮಾಡ್ತೀರಿ? ಖುಷಿಯಂತೂ ಆಗುತ್ತದೆ. ಅದರ ಹಿಂದೆಯೇ ಸಣ್ಣ ದಿಗಿಲು. ಶಟಲ್ ರ‍್ಯಾಕೆಟ್ ಕೊಂಡು ಗೊತ್ತು, ಮಗನಿಗೆ ಕ್ರಿಕೆಟ್ ಬ್ಯಾಟ್ ಕೊಡಿಸಿ ಗೊತ್ತು. ಈ ದೊಡ್ಡ ಬಾತುಕೋಳಿ ಕಾಲಿನಂಥ ಚರ್ಮದ ಗ್ಲೌಸನ್ನು ನೋಡಿ ಆರಿಸುವುದು ಹೇಗೆ?

ಕೊಡಗಿನ ಕಕ್ಕಬೆಯಲ್ಲಿರುವ ನನ್ನ ಗೆಳತಿಗೂ ಇದೇ ಫಜೀತಿ ಆಗಿತ್ತು. ಹಾಕಿ ಸ್ಟಿಕ್ ಬಗ್ಗೆಯಾದರೆ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆಯ ಹೆಣ್ಣುಮಕ್ಕಳೂ ಗಂಡಸರ ಜೊತೆ ಒಂದೇ ಟೀಮಿನಲ್ಲಿ ಮೈದಾನಕ್ಕಿಳಿಯುತ್ತಾರೆ. ಅಂಥ ಊರಿನವಳು. ಆದರೆ ಹಾಕಿಯಲ್ಲಿ ಚೆಂಡನ್ನು ತಡೆಯುವುದು ಸ್ಟಿಕ್ಕಿನಿಂದ; ಸಾಫ್ಟ್‌ಬಾಲ್‌ನಲ್ಲಿ ಕೈಯಿಂದಲೇ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಏಳನೇ ಕ್ಲಾಸು ಓದುತ್ತಿದ್ದ ಮಗಳಿಗೆ ಚಿಕ್ಕಪ್ಪನೇ ಅಂಗಡಿಗೆ ಹೋಗಿ 13 ಇಂಚಿನ ಗ್ಲೌಸ್ ತಂದುಕೊಟ್ಟರು. ‘ಬೆಳೆಯೋ ಹುಡುಗಿ, ಇನ್ನೂ ಮೂರು ವರ್ಷ ಬರಲಿ’ ಎಂಬ ಲೆಕ್ಕಾಚಾರ. ನಾವೆಲ್ಲ ಯೂನಿಫಾರಂ ಹೊಲಿಸುವಾಗ ಮಾಡುವ ಲೆಕ್ಕವೇ ತಾನೇ?

ಆಗಿದ್ದೇನು ಗೊತ್ತೇ? ಆ ಗ್ಲೌಸನ್ನು ಮುಚ್ಚುವಷ್ಟು ಬಲ ಹುಡುಗಿಯ ಬೆರಳಿಗಿರಲಿಲ್ಲ. ಬಂದ ಚೆಂಡು ಒಳಗೆ ಬಿದ್ದು ಮತ್ತೆ ಹೊರಗೆ ಜಿಗಿಯುತ್ತಿತ್ತು. ಎರಡು ಸಲ ಬೆರಳಿನ ಗೆಣ್ಣು ಊದಿಕೊಂಡಿತು. ಮೂರನೇ ವಾರಕ್ಕೆ ಚೆಂಡು ಬಂದರೆ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸತೊಡಗಿದಳು. ‘ನಂಗೆ ಈ ಆಟ ಆಗಲ್ಲ, ಬಿಟ್ಬಿಡ್ತೀನಿ’ ಎಂದು ಅಮ್ಮನಿಗೆ ಫೋನು. ಸೀನಿಯರ್ ಹುಡುಗಿಯೊಬ್ಬಳು ತನ್ನ ಹಳೆಯ ಹನ್ನೊಂದೂವರೆ ಇಂಚಿನ ಗ್ಲೌಸ್ ಕೊಟ್ಟ ಮೇಲೆ ಆಟ ಮತ್ತೆ ಹಳಿಗೆ ಬಂತು. ಹೀಗೆ ಗ್ಲೌಸಿನ ದೆಸೆಯಿಂದ ಆಟ ಬಿಡುವ ಹುಡುಗಿಯರಿಗೆ ‘ಅವಳಿಗೆ ಧೈರ್ಯ ಇಲ್ಲ’ ಎಂಬ ಹಣೆಪಟ್ಟಿ ಬೇರೆ ಅಂಟುತ್ತದೆ, ನೋಡಿ.

ಹೆಸರಿಗಷ್ಟೇ ಸಾಫ್ಟ್

ಸಾಫ್ಟ್ ಎಂಬ ಹೆಸರು ಕೇಳಿ ಮೋಸಹೋಗಬೇಡಿ. 1887ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಜಾರ್ಜ್ ಹ್ಯಾನ್ಕಾಕ್ ಎಂಬುವರು ಒಂದು ಕ್ಲಬ್ಬಿನ ಕೋಣೆಯೊಳಗೆ ಈ ಆಟ ಹುಟ್ಟುಹಾಕಿದಾಗ ಚೆಂಡೇನೋ ಮೆತ್ತಗಿತ್ತು. ಹಳೆಯ ಬಾಕ್ಸಿಂಗ್ ಗ್ಲೌಸನ್ನೇ ಉಂಡೆಮಾಡಿ ಕಟ್ಟಿ, ಕೋಲಿನಲ್ಲಿ ಹೊಡೆದಿದ್ದರಂತೆ! ಈಗಿನ ಚೆಂಡು ಹಾಗಲ್ಲ. ಸುತ್ತಳತೆ ಸುಮಾರು 30 ಸೆಂ.ಮೀ., ತೂಕ 178ರಿಂದ 198 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು, ಒಳ್ಳೇ ಗಟ್ಟಿ. ಫಾಸ್ಟ್‌ಪಿಚ್ ಎಂದರೆ ಕೈಯನ್ನು ಕೆಳಗಿನಿಂದ ಗಿರ‍್ರನೆ ತಿರುಗಿಸಿ ಜೋರಾಗಿ ಎಸೆಯುವ ಬಗೆ. ದೊಡ್ಡವರ ಆಟದಲ್ಲಿ ಎಸೆಯುವವಳಿಗೂ ಹೊಡೆಯುವವಳಿಗೂ ನಡುವೆ ಇರುವುದು 43 ಅಡಿ ಮಾತ್ರ. ಅಂತರರಾಷ್ಟ್ರೀಯ ಮಟ್ಟದ ಆಟಗಾರ್ತಿಯರ ಎಸೆತ ಗಂಟೆಗೆ ನೂರು ಕಿಲೋಮೀಟರು ದಾಟುತ್ತದೆ. ಶಾಲೆಯ ಮಕ್ಕಳದು ಅಷ್ಟಿರುವುದಿಲ್ಲ ಎನ್ನಿ. ಆದರೂ ಬ್ಯಾಟಿಗೆ ಬಡಿದು ಬರುವ ಚೆಂಡನ್ನು ಅಂಗೈಯಲ್ಲಿ ಹಿಡಿಯಬೇಕಲ್ಲ!

ಅಂದಹಾಗೆ, ‘ಇದ್ಯಾವ ಆಟ, ಇದರಿಂದೇನು ಪ್ರಯೋಜನ’ ಎಂದು ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಹೇಳಿ: 1996ರಿಂದ 2008ರವರೆಗೆ ಇದು ಹೆಂಗಸರ ಒಲಿಂಪಿಕ್ಸ್ ಆಟವಾಗಿತ್ತು, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲೂ ಇತ್ತು, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮತ್ತೆ ಸೇರಿದೆ.

ಯಾವ ಕೈಗೆ, ಎಷ್ಟು ಇಂಚು?

ಮೊದಲು ಕೈ. ಬಲಗೈಯಲ್ಲಿ ಎಸೆಯುವ ಹುಡುಗಿ ಗ್ಲೌಸನ್ನು ಎಡಗೈಗೆ ಹಾಕುತ್ತಾಳೆ. ಎಸೆಯುವ ಕೈ ಖಾಲಿ ಇರಬೇಕು ತಾನೇ? ಲೇಬಲ್ಲಿನ ಮೇಲೆ ‘ರೈಟ್ ಹ್ಯಾಂಡ್ ಥ್ರೋ’ ಎಂದಿದ್ದರೆ ಬಲಗೈಯಲ್ಲಿ ಎಸೆಯುವವರಿಗೆ ಎಂದರ್ಥ, ಅಂದರೆ ಹಾಕಿಕೊಳ್ಳುವುದು ಎಡಗೈಗೆ. ಇದನ್ನು ತಿರುವುಮುರುವು ಮಾಡಿಕೊಂಡು ಅಂಗಡಿಗೆ ವಾಪಸ್ ಓಡುವವರು ಬಹಳ. ಮಗಳು ಎಡಚಳಾದರೆ ಮೊದಲೇ ಅಂಗಡಿಯವರಿಗೆ ಫೋನ್ ಮಾಡಿ ಕೇಳಿ. ಎಡಚರ ಗ್ಲೌಸ್ ಎಲ್ಲ ಕಡೆ ಇಡುವುದಿಲ್ಲ. ‘ಇದನ್ನೇ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ’ ಎಂದರೆ ಒಪ್ಪಬೇಡಿ. ಇನ್ನೊಂದು ಕೈಯ ಗ್ಲೌಸ್ ಈ ಕೈಗೆ ಹೊಂದುವುದೇ ಇಲ್ಲ.

ಗ್ಲೌಸಿನ ಮೇಲಿರುವ ಇಂಚು ಅದರ ಉದ್ದ. ತೋರುಬೆರಳಿನ ತುದಿಯಿಂದ ಒಳಮೈ ಗುಂಟ ಅಂಗೈಯ ಬುಡದವರೆಗೆ ಅಳೆಯುತ್ತಾರೆ. ನಿಮ್ಮ ಹೊಲಿಗೆ ಟೇಪಿನಲ್ಲೇ ಅಳೆದು ನೋಡಬಹುದು. ಎಂಟು ಹತ್ತು ವರ್ಷದ ಮಗುವಿಗೆ 10ರಿಂದ 11, ಮಿಡ್ಲ್ ಸ್ಕೂಲಿನವರಿಗೆ ಹನ್ನೊಂದೂವರೆಯಿಂದ 12, ಹೈಸ್ಕೂಲು ದಾಟಿದವರಿಗೆ 12ರ ಆಸುಪಾಸು ಸಾಮಾನ್ಯವಾಗಿ ಸರಿಹೋಗುತ್ತದೆ. ದೂರದಲ್ಲಿ ನಿಂತು ಎತ್ತರದ ಚೆಂಡು ಹಿಡಿಯುವ ದೊಡ್ಡ ಹುಡುಗಿಯರು ಮಾತ್ರ 13ರವರೆಗೆ ಹೋಗುತ್ತಾರೆ. ಹೊಡೆಯುವವಳ ಹಿಂದೆ ಕೂರುವ ಕ್ಯಾಚರ್‌ಗೆ, ಮೊದಲ ಬೇಸ್‌ನಲ್ಲಿ ನಿಲ್ಲುವವಳಿಗೆ ಬೆರಳುಗಳು ಬೇರೆ ಬೇರೆ ಇಲ್ಲದ ದಪ್ಪ ‘ಮಿಟ್’ ಇದೆ. ಕೋಚ್ ಸ್ಪಷ್ಟವಾಗಿ ಹೇಳದೆ ಅದನ್ನು ಕೊಳ್ಳಬೇಡಿ. ಮೊದಲ ವರ್ಷ ಜಾಗ ಬದಲಾಗುತ್ತಲೇ ಇರುತ್ತದೆ.

ಬೇಸ್‌ಬಾಲ್ ಗ್ಲೌಸನ್ನೇ ಇದೂ ಅದೇ ಎಂದು ಮಾರುವವರಿದ್ದಾರೆ. ನೋಡಲು ಒಂದೇ ಥರ, ನಿಜ. ಆದರೆ ಬೇಸ್‌ಬಾಲ್ ಚೆಂಡು ಚಿಕ್ಕದು, ಅದರ ಗ್ಲೌಸಿನ ಗುಂಡಿಯೂ ಆಳವಿಲ್ಲ. ಫಾಸ್ಟ್‌ಪಿಚ್ ಗ್ಲೌಸನ್ನು ಹುಡುಗಿಯರ ಕೈಗೆಂದೇ ಮಾಡುತ್ತಾರೆ: ಬೆರಳಿನ ಗೂಡು ಸಪೂರ, ಕೈ ತೂರಿಸುವ ಬಾಯಿ ಚಿಕ್ಕದು, ಮಣಿಕಟ್ಟಿನ ಪಟ್ಟಿಯನ್ನು ಬಿಗಿ ಮಾಡಿಕೊಳ್ಳಬಹುದು. ಅಣ್ಣನ ಹಳೆಯ ವಿಕೆಟ್‌ಕೀಪಿಂಗ್ ಗ್ಲೌಸ್ ಅಟ್ಟದಲ್ಲಿದೆ ಎಂದು ತೆಗೆಯಲು ಹೋಗಬೇಡಿ. ಅದರಿಂದ ಇಲ್ಲಿ ಕೆಲಸ ನಡೆಯುವುದಿಲ್ಲ.

ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಗ್ಲೌಸ್ ಹಾಕಿ, ಪಟ್ಟಿ ಬಿಗಿದು, ಕೈಯನ್ನು ಕೆಳಗೆ ಇಳಿಬಿಟ್ಟು ಅಲ್ಲಾಡಿಸಲಿ. ಜಾರಿ ಬಂದರೆ ಅದು ದೊಡ್ಡದಾಯಿತು. ಆಮೇಲೆ ಇನ್ನೊಂದು ಕೈಯ ಸಹಾಯವಿಲ್ಲದೆ ಹತ್ತು ಸಲ ಮುಚ್ಚಿ ತೆರೆಯಲಿ. ಹೊಸ ಚರ್ಮ ಬಿರುಸಾಗಿರುವುದರಿಂದ ಪೂರ್ತಿ ಮುಚ್ಚದಿದ್ದರೂ ಅರ್ಧವಾದರೂ ಮುಚ್ಚಬೇಕು. ಐದನೇ ಸಲಕ್ಕೇ ಮುಖ ಸಿಂಡರಿಸಿದರೆ, ಎಷ್ಟೇ ದೊಡ್ಡ ಕಂಪನಿಯದಾಗಿರಲಿ, ಪಕ್ಕಕ್ಕಿಡಿ.

ಅಸಲಿ ಚರ್ಮವೇ?

ಚಪ್ಪಲಿ, ಪರ್ಸು ಕೊಂಡು ಪಳಗಿದ ನಿಮ್ಮ ಕಣ್ಣು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅಸಲಿ ಚರ್ಮದಲ್ಲಿ ಸುತ್ತ ಸಣ್ಣ ಸಣ್ಣ ನೆರಿಗೆ ಏಳುತ್ತದೆ. ರೆಕ್ಸಿನ್ ಥರದ್ದು ಸುಮ್ಮನೆ ತಗ್ಗುತ್ತದೆ. ರಂಧ್ರಗಳು ಅಳತೆ ಮಾಡಿಟ್ಟಂತೆ ಒಂದೇ ಸಮನಾಗಿದ್ದರೆ ಅನುಮಾನಿಸಿ. ಮೂಗಿಗೆ ಹಿಡಿದಾಗ ಪೇಂಟಿನ ವಾಸನೆಯಷ್ಟೇ ಹೊಡೆದರೂ ಹಾಗೇ. ಅಂಗೈ ಭಾಗ ಮಾತ್ರ ಚರ್ಮ, ಹಿಂಭಾಗ ಸಿಂಥೆಟಿಕ್ ಇರುವುದುಂಟು. ಚಿಕ್ಕ ಮಕ್ಕಳಿಗೆ ಅದು ಹಗುರ, ತಪ್ಪೇನಿಲ್ಲ. ಆದರೆ ಪೂರ್ತಿ ಚರ್ಮದ ಬೆಲೆ ಕೊಡಬೇಡಿ. ಚರ್ಮವನ್ನು ಪದರ ಪದರವಾಗಿ ಸೀಳುತ್ತಾರೆ. ಮೇಲಿನ ಪದರ ಇರುವಂಥದ್ದೇ, ಅಂದರೆ ಫುಲ್ ಗ್ರೇನ್, ಗಟ್ಟಿ. ಕೆಳಪದರಕ್ಕೆ ಬಣ್ಣ ಬಳಿದದ್ದು ಒಂದೆರಡು ಸೀಸನ್ನಿಗೇ ಸಿಪ್ಪೆ ಏಳುತ್ತದೆ.

ಬೆರಳುಗಳನ್ನು ಹೆಣೆದ ದಾರವನ್ನೂ ನೋಡಲು ಮರೆಯಬೇಡಿ. ಅದೂ ಚರ್ಮದ್ದೇ ಇರಬೇಕು. ಮೊದಲು ಹರಿಯುವುದೇ ಅದು. ಒಳಗೆ ಕೈಬಿಟ್ಟು ಹೊಲಿಗೆಯ ಗಂಟು ಬೆರಳಿಗೆ ಚುಚ್ಚುತ್ತದೆಯೇ ಪರೀಕ್ಷಿಸಿ. ಈ ಗ್ಲೌಸುಗಳಲ್ಲಿ ದನ, ಹೋರಿ, ಕರುವಿನ ಚರ್ಮವೇ ಹೆಚ್ಚು; ಎಮ್ಮೆಯದು, ಹಂದಿಯದೂ ಉಂಟು. ಕೆಲವರ ಮನೆಯಲ್ಲಿ ಇದು ಇರಿಸುಮುರಿಸಿನ ವಿಷಯ. ಸಂಕೋಚಪಡದೆ ಕೇಳಿ. ಬೇಡವೆನಿಸಿದರೆ ಒಳ್ಳೆಯ ಸಿಂಥೆಟಿಕ್ ಗ್ಲೌಸಿನಲ್ಲೂ ಆಟ ಕಲಿಯಬಹುದು.

ನನ್ನನ್ನು ಕೇಳಿದರೆ, ಹನ್ನೆರಡು ವರ್ಷದೊಳಗಿನವರಿಗೆ ತೆಳುವಾದ, ಮೆತ್ತನೆಯ ಚರ್ಮವೇ ವಾಸಿ. ಬೇಗ ಸವೆಯುತ್ತದೆ, ಸವೆಯಲಿ ಬಿಡಿ. ಅಷ್ಟರಲ್ಲಿ ಕೈಯೂ ಬೆಳೆದಿರುತ್ತದೆ. ದಪ್ಪ ಚರ್ಮದ ದುಬಾರಿ ಗ್ಲೌಸ್ ಆಟವನ್ನು ನಿಜವಾಗಿ ಹಚ್ಚಿಕೊಂಡ ಹುಡುಗಿಗೆ. ಮೊದಲ ಒಂದು ತಿಂಗಳು ಶಾಲೆಯ ಗ್ಲೌಸುಗಳಲ್ಲೇ ಆಡಿಸಿ ಯಾವ ಸೈಜು ಹೊಂದುತ್ತದೆ ಎಂದು ಬರೆದಿಟ್ಟುಕೊಂಡರೆ ದುಡ್ಡು ಪೋಲಾಗುವುದಿಲ್ಲ. ಸೀನಿಯರ್‌ಗಳ ಹಳೆಯ ಗ್ಲೌಸ್ ಸಿಕ್ಕರಂತೂ ಬಿಡಬೇಡಿ, ಅದು ಆಗಲೇ ಪಳಗಿರುತ್ತದೆ. ದಾರ ಸಡಿಲವಾಗಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಬಿಗಿ ಮಾಡಿಸಿದರಾಯಿತು. ಆದರೆ ಅಂಗೈಯ ಒಳಗಿನ ಮೆತ್ತೆ ಸವೆದು ಬರೀ ಹಾಳೆಯಾಗಿದ್ದರೆ ಬೇಡ.

ಪಳಗಿಸುವುದು, ಮಳೆಯಿಂದ ಕಾಪಾಡುವುದು

ಹೊಸ ಗ್ಲೌಸ್ ಹೊಸ ಚಪ್ಪಲಿಯಂತೆ ಕಚ್ಚುತ್ತದೆ. ಅದಕ್ಕೆ ಮದ್ದು ಆಟವೇ. ದಿನಾ ಸಂಜೆ ಟೆರೇಸಿನ ಮೇಲೆ ಇಪ್ಪತ್ತು ನಿಮಿಷ ನೀವೇ ಚೆಂಡು ಎಸೆಯಿರಿ, ಅವಳು ಹಿಡಿಯಲಿ. ನಿಮಗೂ ಒಳ್ಳೆಯ ವ್ಯಾಯಾಮ! ರಾತ್ರಿ ಗ್ಲೌಸಿನ ಗುಂಡಿಯಲ್ಲಿ ಚೆಂಡಿಟ್ಟು, ಮಡಚಿ, ಹಳೆಯ ದುಪಟ್ಟಾದಿಂದ ಕಟ್ಟಿಡಿ. ಬೇಗ ಮೆತ್ತಗಾಗಲಿ ಎಂದು ಮೈಕ್ರೋವೇವ್‌ನಲ್ಲಿಡುವುದು, ಬಿಸಿನೀರಲ್ಲಿ ಅದ್ದುವುದು ಬೇಡವೇ ಬೇಡ. ಕೊಬ್ಬರಿ ಎಣ್ಣೆಯೂ ಬೇಡ. ತಲೆಗೆ ಒಳ್ಳೆಯದೆಂದು ಚರ್ಮಕ್ಕೆ ಸುರಿದರೆ ಹೀರಿಕೊಂಡು ಭಾರವಾಗಿ ಜೋತುಬೀಳುತ್ತದೆ, ಆಮೇಲೆ ಕಮಟು ನಾತ.

ಮಳೆಗಾಲದ ವಿಷಯ ಬಂದರೆ ಕಕ್ಕಬೆಯವರನ್ನೇ ಕೇಳಬೇಕು. ತಡಿಯಂಡಮೋಳ್ ಬೆಟ್ಟದ ಬುಡದ ಆ ಊರಲ್ಲಿ ಜೂನ್‌ನಲ್ಲಿ ಶುರುವಾದ ಮಳೆ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತದೆ. ಕಪಾಟಿನಲ್ಲಿಟ್ಟ ಬೆಲ್ಟು, ಶೂಗಳ ಮೇಲೆ ಬಿಳಿ ಬೂಷ್ಟು ಏಳುವುದು ಅಲ್ಲಿ ಮಾಮೂಲು. ರಜೆಗೆ ಊರಿಗೆ ಹೋದ ಹುಡುಗಿಯ ಗ್ಲೌಸಿಗೂ ಅದೇ ಗತಿಯಾಯಿತು. ಒದ್ದೆಯಾದ್ದನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ಹಳೆಯ ರೂಢಿ. ಆದರೆ ಆ ಬಿಸಿಗೆ ಚರ್ಮದೊಳಗಿನ ಜಿಡ್ಡು ಆರಿ ಬಿರುಕು ಬಿಡುತ್ತದೆ. ಬಿರುಬಿಸಿಲೂ ಅಷ್ಟೇ, ಹೇರ್ ಡ್ರೈಯರೂ ಅಷ್ಟೇ. ಒಣಬಟ್ಟೆಯಿಂದ ಒರೆಸಿ, ಒಳಗೆ ನ್ಯೂಸ್‌ಪೇಪರ್ ತುರುಕಿ, ಫ್ಯಾನಿನ ಗಾಳಿಗೆ ನೆರಳಲ್ಲಿಡಿ. ಪೇಪರು ಒದ್ದೆಯಾದಂತೆ ಬದಲಿಸಿ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒರೆಸಿ ತೆಗೆದು ಚೆನ್ನಾಗಿ ಆರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬಟ್ಟೆ ಚೀಲ ಸಾಕು. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಅದರೊಳಗಿಡಿ. ಪುಟ್ಟ ಮಕ್ಕಳಿರುವ ಮನೆಯಾದರೆ ಅವರ ಕೈಗೆ ಸಿಗದಂತೆ.

ಗ್ಲೌಸ್ ಪೂರ್ತಿ ಒಣಗಿದ ಮೇಲೆ ಮೈಗೆ ತೆಳುವಾಗಿ ಲೆದರ್ ಕಂಡೀಷನರ್ ಸವರಬಹುದು. ಇಂಥವುಗಳಲ್ಲಿ ಹಲವಕ್ಕೆ ಜೇನುಮೇಣ ಸೇರಿಸಿರುತ್ತಾರೆ. ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಕಕ್ಕಬೆ ಒಂದು ಕಾಲಕ್ಕೆ ಜೇನಿಗೇ ಹೆಸರಾಗಿದ್ದ ಊರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ಜೇನುಗೂಡುಗಳನ್ನು ಬರಿದು ಮಾಡಿದಾಗ ಕೊಡಗೂ ಪೆಟ್ಟು ತಿಂದಿತು. ಈಗಲೂ ಜೇನು ಸಾಕುವವರು ಅಲ್ಲಿದ್ದಾರೆ. ಗೆಳತಿ ಪಕ್ಕದ ಮನೆಯಿಂದ ಬೆರಳಗಲದ ಮೇಣ ತಂದು, ಕೈಯಲ್ಲೇ ಬಿಸಿಮಾಡಿ, ಹೊಲಿಗೆ ಸಾಲಿಗೆ ಮಾತ್ರ ತಿಕ್ಕುತ್ತಾಳೆ. ನೀವೂ ಹಾಗೆ ಮಾಡಬಹುದು, ಆದರೆ ಮೇಣವನ್ನು ನೇರವಾಗಿ ಬೆಂಕಿಯ ಮೇಲೆ ಕರಗಿಸಲು ಹೋಗಬೇಡಿ, ಹೊತ್ತಿಕೊಳ್ಳುತ್ತದೆ. ಸೀಸನ್ನಿಗೆ ಎರಡು ಮೂರು ಸಲ ಸವರಿದರೆ ಹೆಚ್ಚಾಯಿತು.

ಮಣಿಕಟ್ಟಿನ ಪಟ್ಟಿಯ ಒಳಬದಿಗೆ ಮಾರ್ಕರ್ ಪೆನ್ನಿನಿಂದ ಮಗಳ ಹೆಸರು, ನಿಮ್ಮ ಫೋನ್ ನಂಬರ್ ಬರೆದುಬಿಡಿ. ಟೂರ್ನಮೆಂಟಿನ ದಿನ ಒಂದೇ ಬೆಂಚಿನ ಮೇಲೆ ಒಂದೇ ಥರದ ಇಪ್ಪತ್ತು ಕಂದು ಗ್ಲೌಸ್ ಬಿದ್ದಿರುತ್ತವೆ.